ಕೂತಾಗ ಬೂದಿ, ಹಾರಿದಾಗ ನೀಲಿ

ಕಣ್ಣಿನ ಪೊರೆ ತೆಗೆಸಿಕೊಂಡು ಬಂದ ಮೇಲೆ ಅಪ್ಪ ಮೊದಲು ತಪ್ಪು ಹಿಡಿದದ್ದು ನಾನು ಬಟ್ಟೆ ಒಗೆಯುವ ರೀತಿಯಲ್ಲಿ. ಹೊಸಪೇಟೆಯ ನಮ್ಮ ಮನೆಯ ಪಡಸಾಲೆಯಲ್ಲಿ ಮಂಚದ ಮೇಲೆ ಕೂತು, ಆಸ್ಪತ್ರೆಯವರು ಕೊಟ್ಟ ಕಪ್ಪು ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ತನ್ನ ಬಿಳಿ ಪಂಚೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನೋಡಿದ.

"ಏನವ್ವ ಇದು? ನೀಲಿ ಡಬ್ಬಿ ಪೂರಾ ಸುರುವೀಯೇನು?"

ನಾನು ನೀಲಿ ಹಾಕಿಯೇ ಇರಲಿಲ್ಲ. ಹಾಕುತ್ತಿದ್ದವಳು ಅವ್ವ. ನಾವು ಸಂಡೂರಿನಲ್ಲಿದ್ದಾಗ ಅದಿರಿನ ಕೆಂಪು ಧೂಳು ಅಪ್ಪನ ಅಂಗಿ, ಪಂಚೆ, ಬನಿಯನ್ನು ಒಂದನ್ನೂ ಬಿಡುತ್ತಿರಲಿಲ್ಲ. ಎಷ್ಟು ತಿಕ್ಕಿದರೂ ಉಳಿಯುವ ಆ ಕೆಂಪನ್ನು ಮುಚ್ಚಲು ಅವ್ವ ಕೈ ಬಿಗಿ ಹಿಡಿಯದೆ ನೀಲಿ ಸುರಿಯುತ್ತಿದ್ದಳು. ಬಿಳಿ ಅಂದರೆ ತುಸು ನೀಲಿ ಅಂತಲೇ ತಿಳಿದು ಬೆಳೆದವರು ನಾವು ಅಕ್ಕತಂಗಿ. ಅವ್ವ ಹೋದ ಮೇಲೆ ಅಪ್ಪ ನನ್ನ ಜೊತೆಗೇ ಇದ್ದಾನೆ, ನೀಲಿಯ ಡಬ್ಬಿ ಮಾತ್ರ ನಮ್ಮ ಮನೆಗೆ ಬರಲಿಲ್ಲ.

ಮರುಪರೀಕ್ಷೆಗೆ ಹೋದಾಗ ಇದನ್ನು ಹೇಳಿದೆ. ಡಾಕ್ಟರಮ್ಮ ನಕ್ಕರು. "ಹಳೇ ಪೊರಿ ಅರಿಶಿಣದ ಬಣ್ಣಕ್ಕ ತಿರುಗಿತ್ತು ನೋಡ್ರಿ. ಅದರಾಗಿಂದ ನೀಲಿ ಒಳಗ ಬರತಿದ್ದಿಲ್ಲ. ಈಗ ಒಮ್ಮೆಲೇ ಬರಾಕತ್ತೈತಿ. ಸ್ವಲ್ಪ ದಿನ ಹಿಂಗ ಇರತೈತಿ, ಆಮ್ಯಾಲ ರೂಢಿ ಆಗತೈತಿ. ಗಾಬರಿ ಆಗಬ್ಯಾಡ್ರಿ."

ನನಗೆ ಗಾಬರಿ ಆಗಬೇಡ ಎಂದು ಹೇಳುವುದೂ ಒಂದೇ, ತುಂಗಭದ್ರೆಗೆ ಹರಿಯಬೇಡ ಎಂದು ಹೇಳುವುದೂ ಒಂದೇ. ನಮ್ಮ ಮನೆಯಲ್ಲಿ ಚಿಂತೆಯ ಖಾತೆ ನನ್ನದು. ಗಂಡ ತೋರಣಗಲ್ಲಿನಿಂದ ಪಾಳಿ ಮುಗಿಸಿ ಬರುವುದು ಕೊಂಚ ತಡವಾದರೆ ಹೊಲಿಗೆ ಮಷೀನು ನಿಲ್ಲಿಸಿ ಬಾಗಿಲಲ್ಲಿ ನಿಲ್ಲುತ್ತೇನೆ. ಕಂಪ್ಲಿಯಲ್ಲಿರುವ ತಂಗಿ ಫೋನು ಎತ್ತದಿದ್ದರೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ಅದಕ್ಕೇ ಎಲ್ಲರೂ ಸೇರಿ ಒಂದು ಪದ್ಧತಿ ಮಾಡಿಕೊಂಡಿದ್ದಾರೆ. ಕೆಟ್ಟ ಸುದ್ದಿ ನನಗೆ ಎಲ್ಲರಿಗಿಂತ ಕೊನೆಗೆ ಬರಬೇಕು, ಅದೂ ಎಲ್ಲ ಸರಿಹೋದ ಮೇಲೆ. ತಂಗಿಗೆ ಡೆಂಗಿ ಆಗಿತ್ತೆಂದು ನನಗೆ ತಿಳಿದದ್ದು ಅವಳು ವಾಸಿಯಾಗಿ ನಮ್ಮ ಅಡುಗೆಮನೆಯಲ್ಲಿ ಕೂತು ಮಂಡಾಳ ಒಗ್ಗರಣೆ ತಿನ್ನುವಾಗ. "ನಿನಗ ಹೇಳಿದ್ರ ನಿನ್ನನ್ನ ಬ್ಯಾರೆ ನೋಡಿಕೋಬೇಕಿತ್ತು" ಅಂದಳು. ನಾನೂ ನಕ್ಕೆ. ಅದು ನನ್ನ ಮೇಲಿನ ಪ್ರೀತಿ ಎಂದೇ ತಿಳಿದಿದ್ದೆ.

ಅಪ್ಪನ ವಿಷಯದಲ್ಲಿ ನನ್ನ ಗಾಬರಿಗೆ ಕಾರಣವಿತ್ತು. ಅವನಿಗಿರುವುದು ಒಂದೇ ಕಣ್ಣು. ಗಣಿಯಲ್ಲಿ ಅವನ ಕೆಲಸ ಅದಿರಿನ ಹೆಂಟೆಗಳನ್ನು ಸುತ್ತಿಗೆಯಿಂದ ಒಡೆದು ಪರೀಕ್ಷೆಗೆ ಪುಡಿ ಮಾಡಿ ಕಳಿಸುವುದು. ನಾವು ಸಣ್ಣವರಿದ್ದಾಗ ಒಂದು ದಿನ ಚೂರೊಂದು ಸಿಡಿದು ಎಡಗಣ್ಣಿಗೆ ಹೊಕ್ಕಿತು. ಬಳ್ಳಾರಿಗೆ ಕರೆದುಕೊಂಡು ಹೋದರು. ಹೋಗುವಾಗ ಗಾಯವಾದ ಕಣ್ಣಿತ್ತು, ಬರುವಾಗ ಅದರ ಜಾಗದಲ್ಲಿ ಹತ್ತಿ ಇತ್ತು. ಅಂದಿನಿಂದ ಅಪ್ಪನಿಗೆ ದೊಡ್ಡ ಆಸ್ಪತ್ರೆ ಅಂದರೆ ಕಣ್ಣು ತೆಗೆಯುವ ಜಾಗ. ಉಳಿದ ಬಲಗಣ್ಣಿಗೆ ಪೊರೆ ಬಂದು ಬಾಗಿಲು ಯಾವುದು, ಗೋಡೆ ಯಾವುದು ಎಂದು ತಡಕುವಂತಾದರೂ ಆಪರೇಷನ್ನಿಗೆ ಒಪ್ಪಿರಲಿಲ್ಲ. ನಾನು ಅತ್ತು, ಊಟ ಬಿಟ್ಟು, ಅಂತೂ ಒಪ್ಪಿಸಿದ್ದೆ. ಹಾಗಾಗಿ ಆ ಕಣ್ಣಿಗೆ ಏನೇ ಆದರೂ ಅದು ನನ್ನ ತಲೆಯ ಮೇಲೆ.

ಡಾಕ್ಟರಮ್ಮ ಮನೆಗೆ ಕಳಿಸುವಾಗ ಹೇಳಿದ ಮಾತು ನನಗೆ ಬಾಯಿಪಾಠವಾಗಿತ್ತು. ಬಗ್ಗಬಾರದು, ಭಾರ ಎತ್ತಬಾರದು, ತಲೆಗೆ ನೀರು ಹಾಕಬಾರದು, ಗಟ್ಟಿ ರೊಟ್ಟಿ ಜಗಿಯಬಾರದು. ಹತ್ತಿರದ್ದು ನೋಡುವ ಕನ್ನಡಕ ಕಣ್ಣು ಪೂರ್ತಿ ಮಾಯ್ದ ಮೇಲೆ. ಇವೆಲ್ಲ ಸರಿ. ಕೊನೆಯ ಮಾತು ಮಾತ್ರ ನನ್ನ ಎದೆಯಲ್ಲಿ ಕೂತಿತ್ತು: "ಪಕ್ಕದಾಗ ಮಿಂಚು ಹೊಡೆದಂಗ ಆದ್ರ, ಕಣ್ಣ ಮುಂದ ಏನರ ಹಾರಾಡಿದಂಗ ಆದ್ರ, ಪರದೆ ಇಳಿದಂಗ ಆದ್ರ ಒಂದು ತಾಸೂ ತಡ ಮಾಡದ ಬರ್ರಿ."

ಆಮೇಲೆ ಒಂದು ಮಧ್ಯಾಹ್ನ ನಾನು ಸೀರೆಗೆ ಫಾಲ್ ಹಚ್ಚುತ್ತ ಕೂತಿದ್ದೆ. ಅಪ್ಪ ಮಂಚದ ಮೇಲಿದ್ದ. ಇದ್ದಕ್ಕಿದ್ದಂತೆ ಬಲಗಡೆಗೆ ಮುಖ ತಿರುಗಿಸಿ, ನೊಣ ಓಡಿಸುವವನ ಹಾಗೆ ಕೈ ಬೀಸಿದ.

"ಏನಪ್ಪ?"

"ಏನಿಲ್ಲ. ನೀಲಿ ಏನೋ ಹಾರಿ ಹೋದಂಗಾತು."

ಸೂಜಿ ನನ್ನ ಬೆರಳಿಗೆ ಚುಚ್ಚಿತು. ಎದ್ದು ಹೋಗಿ ಅವನ ಗಲ್ಲ ಹಿಡಿದು ಕಣ್ಣು ನೋಡಿದೆ. ನೋಡಿದರೆ ನನಗೇನು ಗೊತ್ತಾಗಬೇಕು? ಮಿಂಚಿನ ಹಾಗೆ ಇತ್ತೋ, ನೊಣದ ಹಾಗೆ ಇತ್ತೋ, ಎಷ್ಟು ಸಲ, ಯಾವಾಗಿನಿಂದ ಎಂದು ಒಂದೇ ಉಸಿರಿಗೆ ಕೇಳಿದೆ. ಉತ್ತರ ಬರುವ ಮೊದಲೇ ತಂಗಿಗೆ ಫೋನು ಮಾಡಿದೆ, ಗಂಡನಿಗೆ ಫೋನು ಮಾಡಿದೆ, ಆಸ್ಪತ್ರೆಗೆ ಫೋನು ಮಾಡಿದರೆ ಯಾರೂ ಎತ್ತಲಿಲ್ಲ. ಚಪ್ಪಲಿ ಹಾಕಿಕೊಂಡು, ಆಟೋ ಕರೆಯುತ್ತೇನೆ ಎಂದು ಅಳುತ್ತ ನಿಂತಾಗ ಅಪ್ಪ ಗದರಿದ.

"ಏ ಹುಚ್ಚಿ, ಕಣ್ಣಾಗ ಅಲ್ಲ. ಹೊರಗ. ಹಿತ್ತಲದಾಗ ಬಟ್ಟಿ ಒಗಿಯೋ ಕಲ್ಲಿನ ಹಂತ್ಯಾಕ. ನೀಲಿ ಪಾತರಗಿತ್ತಿ. ಅಷ್ಟಕ್ಕ ಊರು ಎಬ್ಬಸ್ತಿಯಲ್ಲ!"

ಮಂಚದಿಂದ ಹಿತ್ತಲ ಬಾಗಿಲು ನೇರ ಕಾಣುತ್ತದೆ. ನಾನು ಓಡಿದೆ. ಕಲ್ಲಿನ ಹತ್ತಿರ ಚಿಟ್ಟೆ ಇರಲಿಲ್ಲ. ನೀಲಿಯದಿರಲಿ, ಯಾವ ಬಣ್ಣದ್ದೂ ಇರಲಿಲ್ಲ. ಬಚ್ಚಲ ನೀರು ಹರಿದು ಸದಾ ತಂಪಾಗಿರುವ ಆ ಮೂಲೆಯಲ್ಲಿ ಒಂದಿಷ್ಟು ಗರಿಕೆ, ಒಂದಿಷ್ಟು ಹುಳಿಸೊಪ್ಪು. ಮೂರು ಎಲೆ ಕೂಡಿಕೊಂಡು, ಹಳದಿ ಹೂ ಬಿಟ್ಟು ನೆಲಕ್ಕೆ ಹರಡುವ ಗಿಡ ಅದು. ಶಾಲೆಗೆ ಹೋಗುವಾಗ ಕಿತ್ತು ಅಗಿಯುತ್ತಿದ್ದೆವಲ್ಲ, ಅದೇ. ಅಷ್ಟು ಬಿಟ್ಟರೆ ಏನೂ ಇಲ್ಲ.

ಅಂದು ರಾತ್ರಿ ನಾನು ಉಣ್ಣಲಿಲ್ಲ. ಮರುದಿನವೂ ಹಿತ್ತಲಲ್ಲಿ ಕಾದೆ. ಅವನು ಕಂಡೆ ಎಂದದ್ದು ಹೊರಗೆ ಇದ್ದರೆ ಅವನ ಕಣ್ಣು ಚೆನ್ನಾಗಿದೆ. ಹೊರಗೆ ಇಲ್ಲದಿದ್ದರೆ ಅದು ಕಣ್ಣಿನ ಒಳಗಿದೆ. ಒಂದು ಚಿಟ್ಟೆ ಇರಬೇಕು, ಇರಲೇಬೇಕು ಎಂದು ನಾನು ಹರಕೆ ಹೊತ್ತಷ್ಟು ಗಟ್ಟಿಯಾಗಿ ಬೇಡಿಕೊಂಡೆ. ಫೋನಿನಲ್ಲಿ ತಂಗಿ, "ಅಪ್ಪನ ಕಣ್ಣಿಗಿಂತ ನಿನ್ನ ತಲಿ ತೋರಸಬೇಕು" ಎಂದು ಬೈದಳು.

ಕೊನೆಗೂ ಸಿಕ್ಕಿತು. ಬೆಳಗಿನ ಬಿಸಿಲು ಕಲ್ಲಿನ ಮೇಲೆ ಬಿದ್ದಿತ್ತು. ಬಕೀಟು ಇಡಲು ಬಗ್ಗಿದಾಗ ಹುಳಿಸೊಪ್ಪಿನಿಂದ ಬೆರಳ ಉಗುರಿನಷ್ಟು ನೀಲಿ ಎದ್ದಿತು. ಮೊಣಕಾಲಿನ ಎತ್ತರವನ್ನೂ ಮುಟ್ಟದೆ, ಆ ಕಡೆ ಈ ಕಡೆ ತೂರಾಡಿ, ಮತ್ತೆ ಸೊಪ್ಪಿನ ಮೇಲೆ ಇಳಿಯಿತು. ಇಳಿದದ್ದೇ ತಡ, ಮಾಯ. ನಾನು ಕಣ್ಣು ಕೀಲಿಸಿ ನೋಡುತ್ತಲೇ ಇದ್ದೆ, ಆದರೂ ಮಾಯ. ಉಸಿರು ಹಿಡಿದು ಕುಕ್ಕರಗಾಲಲ್ಲಿ ಕೂತು ಒಂದೊಂದೇ ಎಲೆ ಹುಡುಕಿದ ಮೇಲೆ ಕಂಡಿತು. ಒಲೆಯ ಬೂದಿಯ ಚೂರಿನಂತೆ ಒಂದು ಎಲೆಯ ತುದಿಯಲ್ಲಿ ನಿಂತಿತ್ತು. ರೆಕ್ಕೆ ಎರಡನ್ನೂ ಬೆನ್ನ ಮೇಲೆ ಮುಚ್ಚಿಕೊಂಡಿತ್ತು. ಹೊರಮೈ ಬೂದಿ, ಅದರ ಮೇಲೆ ಕಪ್ಪು ಚುಕ್ಕಿ, ಚುಕ್ಕಿಗೆ ಬಿಳಿ ಅಂಚು. ನೀಲಿಯೆಲ್ಲ ಒಳಗಡೆ. ಇಷ್ಟು ದಿನ ಬಟ್ಟೆ ಒಗೆಯುವಾಗ ನನ್ನ ಕಾಲ ಬಳಿಯೇ ಇದ್ದಿರಬೇಕು. ಕೂತಾಗ ಬೂದಿ, ಹಾರಿದಾಗ ನೀಲಿ. ಅದಕ್ಕೇ ನನಗೆ ಕಂಡಿರಲಿಲ್ಲ!

ಅಪ್ಪನನ್ನು ಕೈಹಿಡಿದು ಕರೆತಂದು ಕಲ್ಲಿನ ಮೇಲೆ ಕೂರಿಸಿದೆ. ಕಾಲಿನಿಂದ ಸೊಪ್ಪನ್ನು ಮೆಲ್ಲಗೆ ಸರಿಸಿದೆ. ಎದ್ದಿತು.

"ನೋಡಪ್ಪ, ಅಲ್ಲಿ! ಇದೇ ಏನು ನೀ ಕಂಡಿದ್ದು?"

ಅಪ್ಪ ಸೊಪ್ಪಿನ ಕಡೆ ನೋಡಿದ, ನನ್ನ ಕಡೆ ನೋಡಿದ. "ಹೌದವ್ವ," ಎಂದ. "ಇದೇ. ಮಸ್ತ್ ಐತಿ."

ನಾನು ಅಲ್ಲೇ ಒದ್ದೆ ನೆಲದಲ್ಲಿ ಕೂತು ಅತ್ತುಬಿಟ್ಟೆ. ಆಮೇಲೆ ಒಳಗೆ ಹೋಗಿ ಎರಡು ರೊಟ್ಟಿಯನ್ನು ಶೇಂಗಾ ಪುಡಿಯಲ್ಲಿ ಅದ್ದಿ ತಿಂದೆ. ಅಷ್ಟು ರುಚಿಯಾದ ರೊಟ್ಟಿ ನಾನು ಬಹಳ ದಿನದಿಂದ ತಿಂದಿರಲಿಲ್ಲ.

ಬ್ಲೌಸ್ ಅಳತೆಗೆ ಬರುವ ಒಬ್ಬಾಕೆ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಾರೆ. ಮಕ್ಕಳನ್ನು ಹಂಪಿಗೆ ಕರೆದುಕೊಂಡು ಹೋಗಿ, ಗುಡಿ ಬಿಟ್ಟು, ಬಂಡೆಗಳ ಸಂದಿನ ಹುಲ್ಲಿನಲ್ಲಿ ಹುಳ ಹುಡುಕಿಸುವವರು. ಅವರಿಗೆ ಹೇಳಿದೆ. ತೋಳಿನ ಅಳತೆ ಅರ್ಧಕ್ಕೇ ಬಿಟ್ಟು ಹಿತ್ತಲಿಗೆ ಬಂದರು. "ಅಕ್ಕಾ, ಇದು ಹುಲ್ಲುನೀಲಿ. ಹುಳಿಸೊಪ್ಪು ಎಲ್ಲಿರತದೋ ಅಲ್ಲೇ ಇದರ ಸಂಸಾರ. ದೂರ ಹೋಗಂಗಿಲ್ಲ. ಈ ಮೂಲೆ ಕೆಡಿಸಬೇಡಿ, ಮೊಟ್ಟೆಯಿಂದ ಹಿಡಿದು ಎಲ್ಲಾ ಇಲ್ಲೇ ನೋಡಬಹುದು," ಎಂದರು. ಗಂಡು ನೀಲಿ, ಹೆಣ್ಣು ಹೆಚ್ಚುಕಡಿಮೆ ಕಂದು ಎಂದೂ ಹೇಳಿದರು. ಆ ಮಾತು ಆಗ ಒಂದು ಕಿವಿಯಲ್ಲಿ ಬಂದು ಇನ್ನೊಂದರಲ್ಲಿ ಹೋಯಿತು.

ಹಳೆಯ ಸೀರೆಯ ನೇಯ್ಗೆ ನೋಡಲು ನನ್ನ ಹತ್ತಿರ ಒಂದು ಭೂತಗನ್ನಡಿ ಇದೆ. ಅದನ್ನು ಹಿಡಿದು ಹಿತ್ತಲಲ್ಲಿ ಕೂರುವುದು ನನಗೆ ಚಟವಾಯಿತು. ದಾರ ಹೊಂದಿಸುವುದು ನನ್ನ ಕಸುಬು. ಆನಂದ ನೀಲಿ, ನವಿಲು ನೀಲಿ, ಇಂಕು ನೀಲಿ, ಆಕಾಶ ನೀಲಿ ಎಲ್ಲವೂ ನನ್ನ ಡಬ್ಬಿಯಲ್ಲಿವೆ. ಯಾವ ಉಂಡೆಯನ್ನು ಹಿಡಿದರೂ ಈ ರೆಕ್ಕೆಗೆ ಕೂಡಲಿಲ್ಲ. ಬಿಸಿಲು ಬಿದ್ದಾಗ ಬೆಳ್ಳಿ ಬೆರೆಸಿದ ತೆಳು ನೀಲಿ, ಅಂಚಿಗೆ ಕಪ್ಪು ಪಟ್ಟಿ. ಮೋಡ ಮುಚ್ಚಿದರೆ ಮಾಸಿದ ಅಂಗಿಯ ಹಾಗೆ. ಇಳಿಹೊತ್ತಿಗೆ ಹುಲ್ಲಿನ ತುದಿ ಹಿಡಿದು, ರೆಕ್ಕೆ ಮುಚ್ಚಿ, ತಲೆ ಕೆಳಗೆ ಮಾಡಿ ನಿದ್ದೆ ಹೋಗುತ್ತಿತ್ತು.

ಮೊಟ್ಟೆ ಎಲೆಯ ಹಿಂಬದಿಯಲ್ಲಿತ್ತು, ರವೆಯ ಕಾಳಿಗಿಂತ ಸಣ್ಣದು. ಗಾಜಿನಲ್ಲಿ ನೋಡಿದರೆ ಬ್ಲೌಸಿಗೆ ಹಚ್ಚುವ ಟಿಚ್ ಗುಂಡಿಯದೇ ಆಕಾರ, ಚಪ್ಪಟೆ, ನಡುವೆ ತಗ್ಗು. ಅದರಿಂದ ಬಂದ ಹುಳ ಎಲೆಯ ಹಸಿರನ್ನೇ ಮೈಗೆ ಬಳಿದುಕೊಂಡಿತ್ತು. ಮುಖ ಎಲ್ಲಿ, ಬಾಲ ಎಲ್ಲಿ ಎಂದು ತಿಳಿಯದ ಹಾಗೆ ಎರಡೂ ಕಡೆ ಚಪ್ಪಟೆ. ಎಲೆಯನ್ನು ಕೆಳಗಿನಿಂದ ಕೆರೆದು ತಿನ್ನುತ್ತಿತ್ತು. ಮೇಲಿನ ತೆಳು ಸಿಪ್ಪೆ ಹಾಗೇ ಉಳಿದು ಅಲ್ಲಲ್ಲಿ ಬೆಳಕು ತೂರುತ್ತಿತ್ತು. ಒಂದು ದಿನ ಅದರ ಬೆನ್ನ ಮೇಲೆಲ್ಲ ಇರುವೆ. ಊದಿ ಓಡಿಸಿದೆ, ಮತ್ತೆ ಬಂದವು. ಆ ಪ್ರಾಣಿಶಾಸ್ತ್ರದವರಿಗೆ ಫೋನು ಮಾಡಿದರೆ, ತಿನ್ನಲು ಬಂದಿಲ್ಲ, ಹುಳದ ಬೆನ್ನಿನಿಂದ ಒಸರುವ ಸಿಹಿ ನೀರಿಗಾಗಿ ಬಂದಿವೆ, ಅದಕ್ಕೆ ಬದಲಾಗಿ ಬೇರೆ ಹುಳುಗಳು ಹತ್ತಿರ ಬರದಂತೆ ಕಾಯುತ್ತವೆ ಎಂದರು. ಕಾವಲಿಗೆ ಇರುವೆ ಇದ್ದರೂ ನಾನು ಬೇರೆ ಕಾವಲು ಕೂತೆ. ಸೋಪಿನ ನೀರು ಆ ಕಡೆ ಹೋಗದಂತೆ ಇಟ್ಟಿಗೆ ಅಡ್ಡ ಇಟ್ಟೆ. ಒಗೆಯುವ ಕೆಲಸವನ್ನು ಬಚ್ಚಲ ಒಳಗೆ ಸಾಗಿಸಿದೆ.

"ಹುಳದ ಬಾಣಂತನ ಮುಗಿದ ಮ್ಯಾಲ ನನಗೊಂದಿಷ್ಟು ಚಾ ಸಿಗತೈತೇನು?" ಎಂದು ಗಂಡ ಕೇಳಿದ.

ಈ ನಡುವೆ ಅಪ್ಪನಿಗೂ ನನಗೂ ಒಂದು ಮಾತು ರೂಢಿಯಾಯಿತು. ಬೆಳಗ್ಗೆ ಔಷಧಿ ಹನಿ ಹಾಕುವಾಗ ನಾನು, "ಪಾತರಗಿತ್ತಿ ಬಂತೇನಪ್ಪ?" ಎನ್ನುತ್ತಿದ್ದೆ. "ಬಂತವ್ವ, ಈಗ ಹೋತು ನೋಡು," ಎನ್ನುತ್ತಿದ್ದ. ಮಂಚದಲ್ಲಿ ಕೂತೇ ಅಷ್ಟು ದೂರದ, ಅಷ್ಟು ಸಣ್ಣದನ್ನು ಹಿಡಿಯುವ ಕಣ್ಣು! ಬ್ಲೌಸಿಗೆ ಬಂದವರಿಗೆಲ್ಲ ಹೇಳಿಕೊಂಡೆ. ಬಲಗಡೆ ಇಟ್ಟ ನೀರಿನ ಲೋಟವನ್ನು ಅವನು ಆಗೀಗ ಉರುಳಿಸುತ್ತಿದ್ದ. ಹತ್ತಿರದ ಕನ್ನಡಕ ಇನ್ನೂ ಬಂದಿಲ್ಲವಲ್ಲ ಎಂದುಕೊಂಡು ಲೋಟವನ್ನು ಎಡಗಡೆ ಇಡತೊಡಗಿದೆ.

ಹುಳ ಬೆಳೆದು ತಿನ್ನುವುದನ್ನು ಬಿಟ್ಟಿತು. ಮತ್ತೆ ನನಗೆ ಚಿಂತೆ, ಕಾಯಿಲೆಯೇನೋ ಎಂದು. ಗಿಡದ ಬುಡಕ್ಕೆ ಇಳಿದು, ದಂಟಿಗೆ ಅಂಟಿ, ಸೊಂಟಕ್ಕೆ ಒಂದೇ ಒಂದು ಎಳೆ ದಾರ ಬಿಗಿದುಕೊಂಡು ಕೋಶವಾಯಿತು. ಒಂದೇ ಎಳೆಯ ಮೇಲೆ ಅಷ್ಟು ನಂಬಿಕೆ ನನಗಂತೂ ಇಲ್ಲ, ನಾನು ಹುಕ್ಕಿಗೂ ಎರಡೆರಡು ಸಲ ದಾರ ಸುತ್ತುವವಳು. ಮೋಡ ಕಟ್ಟುತ್ತಿತ್ತು. ಮಳೆ ಜೋರಾದರೆ ಬಚ್ಚಲ ಕಾಲುವೆ ತುಂಬಿ ಆ ಮೂಲೆಯೆಲ್ಲ ಕೊಚ್ಚಿಹೋಗುವುದು ನನಗೆ ಗೊತ್ತು. ದಂಟನ್ನು ಕತ್ತರಿಸಿ ಉಪ್ಪಿನಕಾಯಿಯ ಗಾಜಿನ ಬಾಟ್ಲಿಯಲ್ಲಿ ನಿಲ್ಲಿಸಿದೆ. ಬಾಯಿಗೆ ನೆಟ್ ಬಟ್ಟೆ ಕಟ್ಟಿ ಹೊಲಿಗೆ ಮಷೀನಿನ ಪಕ್ಕ ಇಟ್ಟುಕೊಂಡೆ. ಮಷೀನು ತುಳಿದರೆ ಬಾಟ್ಲಿ ಅದುರುತ್ತದೆ ಎಂದು ಆ ದಿನಗಳಲ್ಲಿ ಕೈಹೊಲಿಗೆಯ ಕೆಲಸವನ್ನೇ ಮಾಡಿದೆ.

ದಿನ ಕಳೆದಂತೆ ಹಸಿರು ಕೋಶ ಕಪ್ಪಾಯಿತು. ಸತ್ತೇಹೋಯಿತೆಂದು ಕೈಚೆಲ್ಲಿದೆ. ಒಂದು ಬೆಳಗ್ಗೆ ಚಹಾ ಇಟ್ಟು ಬಂದು ನೋಡಿದರೆ ಕೋಶದ ಬೆನ್ನು ಬಿರಿದಿತ್ತು, ದಂಟಿನ ತುದಿಯಲ್ಲಿ ಮುದ್ದೆಯಾದ ಏನೋ ನೇತಾಡುತ್ತಿತ್ತು. ಹಿಂಡಿದ ಬಟ್ಟೆ ಕೊಡವಿದ ಹಾಗೆ ರೆಕ್ಕೆ ಮೆಲ್ಲಮೆಲ್ಲಗೆ ಹರವಿಕೊಂಡಿತು. ಚಹಾ ಉಕ್ಕಿ ಒಲೆ ಆರಿದ್ದು ಆಮೇಲೆ ಗೊತ್ತಾಯಿತು. ನಾನು ಕಾಯುತ್ತಿದ್ದುದು ಆ ನೀಲಿಗೆ. ರೆಕ್ಕೆ ಒಣಗಿ ಮೊದಲ ಸಲ ಬಿಚ್ಚಿದಾಗ ಒಳಗೆ ಕಂಡದ್ದು ಕಂದು. ಮೈಯ ಹತ್ತಿರ ಕಂಡೂ ಕಾಣದಂತೆ ನೀಲಿಯ ಹುಡಿ, ಉಳಿದದ್ದೆಲ್ಲ ಚಹಾಪುಡಿಯ ಬಣ್ಣ. ಹೆಣ್ಣು. ಇಷ್ಟು ದಿನ ಜೀವ ಹಿಡಿದು ಸಾಕಿದ್ದಕ್ಕೆ ಇದೇನೇ ನಿನ್ನ ಬಣ್ಣ ಎಂದು ಬೈದು, ನಕ್ಕು, ಬಿಡುವ ಮೊದಲು ಅಪ್ಪನಿಗೆ ತೋರಿಸಬೇಕೆಂದು ಬಾಟ್ಲಿ ಎತ್ತಿಕೊಂಡು ಹೋದೆ.

ಮಂಚದ ಪಕ್ಕದ ಕಿಟಕಿಯಿಂದ ಬಿಸಿಲು ಒಳಗೆ ಬಿದ್ದಿತ್ತು. ಅಪ್ಪನ ಅಂಗೈ ಬಿಚ್ಚಿಸಿ ದಂಟನ್ನು ಅದರ ಮೇಲಿಟ್ಟೆ. ಚಿಟ್ಟೆ ನಾಲ್ಕು ಹೆಜ್ಜೆ ನಡೆದು ಅವನ ಹೆಬ್ಬೆರಳಿನ ಬುಡದಲ್ಲಿ ನಿಂತು ರೆಕ್ಕೆ ಬಿಚ್ಚಿತು.

"ಹುಟ್ಟೇತಪ್ಪ! ನೋಡು."

ಅಪ್ಪ ಅಂಗೈಯನ್ನು ಮುಖದ ಹತ್ತಿರ ತಂದ, ದೂರ ಹಿಡಿದ. ಮುಖ ಅರಳಿಸಿದ. "ಅಬ್ಬಾ, ಎಷ್ಟು ನೀಲಿ ಐತವ್ವ! ಅವತ್ತು ಕಂಡಿದ್ದೂ ಹಿಂಗ ಇತ್ತು."

ನಾನು ಅವನ ಅಂಗೈ ನೋಡಿದೆ. ಬಿಸಿಲಿನಲ್ಲಿ ಅದು ಕಂದೇ ಇತ್ತು.

"ಅಪ್ಪ," ಎಂದೆ. "ಇದು ನೀಲಿ ಇಲ್ಲ."

ಅವನು ಅಂಗೈಯನ್ನು ಮತ್ತೆ ಕಣ್ಣಿನ ಹತ್ತಿರ ತಂದ.

"ಇದು ಕಂದು ಐತಪ್ಪ. ಇದನ್ನ ನೀ ನೋಡೇ ಇಲ್ಲ. ಅವತ್ತು ಹಿತ್ತಲದಾಗೂ ನೋಡಿಲ್ಲ. ಹೌದಿಲ್ಲೋ?"

"ಹತ್ತರದ್ದು ಮಸುಕು ಕಾಣತೈತಿ. ಕನ್ನಡಕ ಬಂದ ಮ್ಯಾಲ..."

"ಹಂಗಾದ್ರ ಅವತ್ತು ನೀಲಿ ಕಂಡಿದ್ದು ಏನು?"

ಅಷ್ಟರಲ್ಲಿ ಅವನ ಮುಖ ಬಲಗಡೆಗೆ ಚಕ್ಕನೆ ತಿರುಗಿತು. ಅಲ್ಲಿ ಗೋಡೆ ಇತ್ತು. ಗೋಡೆಯ ಮೇಲೆ ಒಂದು ಮೊಳೆಯೂ ಇರಲಿಲ್ಲ.

"ಈಗ ಬಂತೇನು?"

"ಹ್ಞೂಂ."

"ಕಣ್ಣು ಮುಚ್ಚಪ್ಪ."

ಮುಚ್ಚಿದ. ರೆಪ್ಪೆಯ ಒಳಗೆ ಗುಡ್ಡೆ ಬಲಕ್ಕೆ ಹೊರಳಿದ್ದು ಹೊರಗಿನಿಂದಲೇ ಕಂಡಿತು.

"ಈಗ?"

"ಈಗೂ ಬರಾಕತ್ತೈತವ್ವ," ಎಂದ, ತಪ್ಪು ಮಾಡಿ ಸಿಕ್ಕಿಬಿದ್ದವನ ದನಿಯಲ್ಲಿ.

ಚಿಟ್ಟೆ ಯಾವಾಗ ಹಾರಿಹೋಯಿತೋ ನಾನು ನೋಡಲಿಲ್ಲ. ಆ ದಿನ ನಾನು ಅಳಲೂ ಇಲ್ಲ, ಯಾರಿಗೂ ಫೋನು ಮಾಡಲೂ ಇಲ್ಲ. ಆಟೋ ನಿಲ್ಲಿಸಿ ಅವನನ್ನು ಕೂರಿಸಿದೆ. ದಾರಿಯಲ್ಲಿ ಅದಿರಿನ ಲಾರಿಗಳು ಸಾಲಾಗಿ ನಿಂತಿದ್ದವು, ಆಟೋದವನು ಅವುಗಳ ಸಂದಿಯಲ್ಲಿ ನುಗ್ಗಿಸುತ್ತಿದ್ದ. ಪ್ರತಿ ಗುಂಡಿಗೂ ನಾನು ಅಪ್ಪನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದೆ, ತುಂಬಿದ ಕೊಡ ಹಿಡಿದವಳ ಹಾಗೆ. "ಇದನ್ನೂ ತೆಗೀತಾರೇನವ್ವ?" ಎಂದು ಅವನು ಒಮ್ಮೆ ಕೇಳಿದ. ನಾನು ಹಿಡಿದ ಕೈ ಸಡಿಲಿಸಲಿಲ್ಲ.

ಡಾಕ್ಟರಮ್ಮ ಹನಿ ಹಾಕಿ, ಪಾಪೆ ಅಗಲವಾದ ಮೇಲೆ ತುಂಬ ಹೊತ್ತು ನೋಡಿದರು. ನಗುವ ಸ್ವಭಾವದವರು ಅಂದು ನಗಲಿಲ್ಲ. "ಕಣ್ಣಿನ ಹಿಂದಿನ ಪರದೆ ಬದಿಗೆ ಹರದೈತ್ರಿ. ಅಲ್ಲಿಂದ ನೀರು ಹೊಕ್ಕು ಪರದೆ ಬಿಟ್ಟು ಏಳಾಕತ್ತೈತಿ. ನಡುಭಾಗ ಇನ್ನೂ ಅಂಟಿಕೊಂಡೈತಿ, ಅದೂ ಎದ್ದರ ಕೈಯಾಗ ಏನೂ ಉಳಿಯಂಗಿಲ್ಲ. ಇವತ್ತೇ ಹುಬ್ಬಳ್ಳಿಗೆ ಹೋಗ್ರಿ, ನಾ ಅಲ್ಲಿಗೆ ಹೇಳಿರತೀನಿ." ಆಮೇಲೆ ಅಪ್ಪನ ಕಡೆ ತಿರುಗಿ, "ಯಾವಾಗಿಂದ ಮಿಂಚತೈತಿ ಯಜಮಾನ್ರ?" ಎಂದು ಕೇಳಿದರು.

"ಇವಳು ಪಾತರಗಿತ್ತಿ ಹುಡುಕಾಕ ಹತ್ತಿದಳಲ್ಲ, ಅವತ್ತಿಂದ."

"ಅಷ್ಟು ದಿನದಿಂದ? ಮಗಳ ಮುಂದ ಹೇಳಬಾರದೇನ್ರೀ?"

"ಹೇಳಿದ್ನಲ್ರೀ," ಎಂದ ಅಪ್ಪ. "ಹೇಳಿ ಇವಳ ಮಾರಿ ನೋಡಿದೆ. ಚಪ್ಪಲಿ ಮೆಟ್ಟಿ ಅಳಕೋತ ನಿಂತಿದ್ಲು. ಅದಕ್ಕ ಬಾಯಿಗೆ ಬಂದಂಗ ಪಾತರಗಿತ್ತಿ ಅಂತ ಹೇಳಿಬಿಟ್ಟೆ. ಇವಳು ಎಲ್ಲಿಂದಲೋ ಖರೇನ ಒಂದು ಹುಡುಕಿ ತಂದು, ಇದೇ ಏನಪ್ಪ ಅಂತ ಕೇಳಿದ್ಲು. ಅಷ್ಟು ಖುಷಿ ಆಗಿ ಕೇಳಿದ ಮ್ಯಾಲ ಅಲ್ಲ ಅಂತ ಹೆಂಗ ಹೇಳ್ಲಿರಿ?"

ಡಾಕ್ಟರಮ್ಮ ನನ್ನ ಕಡೆ ನೋಡಲಿಲ್ಲ. ಚೀಟಿ ಬರೆಯುತ್ತ ಕೂತರು. ನನಗೆ ಅಪ್ಪನ ಮೇಲೆ ಕೆಂಡದಂಥ ಸಿಟ್ಟು ಬಂತು. ಅವನ ಕಣ್ಣು ಒಳಗೊಳಗೇ ಹರಿಯುತ್ತಿದ್ದಾಗ ನಾನು ಹಿತ್ತಲಲ್ಲಿ ಇರುವೆ ಊದುತ್ತ ಕೂತಿದ್ದೆ. ದಿನವೂ ಬೆಳಗ್ಗೆ ಅವನ ಕಣ್ಣಿಗೆ ಹನಿ ಹಾಕುವವಳು ನಾನೇ, ಅವನ ಬಾಯಿಗೆ ಸುಳ್ಳು ಕೊಟ್ಟು ಹೇಳಿಸುತ್ತಿದ್ದವಳೂ ನಾನೇ. ಅವನು ಹೆದರಿದ್ದು ಆಸ್ಪತ್ರೆಗೆ ಎಂದುಕೊಂಡಿದ್ದೆ. ಅವನು ಹೆದರಿದ್ದು ನನಗೆ.

ಹುಬ್ಬಳ್ಳಿಯಲ್ಲಿ ಆಪರೇಷನ್ ಮಾಡಿದರು. ಪರದೆಯನ್ನು ಒತ್ತಿ ಹಿಡಿಯಲು ಕಣ್ಣೊಳಗೆ ಗಾಳಿ ತುಂಬಿದ್ದಾರೆ, ಮುಖ ಕೆಳಗೆ ಮಾಡಿಯೇ ಮಲಗಬೇಕು, ಕೂತರೂ ತಲೆ ಬಗ್ಗಿಸಿಯೇ ಇರಬೇಕು ಎಂದರು. ಅಪ್ಪ ದಿಂಬಿಗೆ ಹಣೆ ಒತ್ತಿ ಮಲಗಿದ. ಅವನ ಮುಖ ನನಗೆ ಕಾಣುತ್ತಿರಲಿಲ್ಲ, ನನ್ನ ಮುಖ ಅವನಿಗೆ ಕಾಣುತ್ತಿರಲಿಲ್ಲ. ಕಂಪ್ಲಿಯಿಂದ ತಂಗಿ ಬಂದಳು. ಬಂದವಳು ರೂಢಿಯಂತೆ ನನ್ನನ್ನು ಹೊರಗೆ ಕಳಿಸಿ ತಾನೇ ಡಾಕ್ಟರ ಹತ್ತಿರ ಮಾತಾಡಲು ಹೊರಟಳು. "ನೀ ಕುಂದ್ರು," ಎಂದೆ. "ನಾ ಕೇಳತೀನಿ." ಕೇಳಿದೆ. ನಡುವಿನ ನೋಟ ಉಳಿಯಬಹುದು, ಬದಿಯದು ಎಷ್ಟು ಬರುತ್ತದೋ ಹೇಳಲಾಗದು ಎಂದರು. ವಾರ್ಡಿಗೆ ಬಂದು ಅಪ್ಪನ ಕಿವಿಯ ಹತ್ತಿರ ಬಗ್ಗಿ, ಅವರು ಹೇಳಿದ್ದನ್ನು ಹೇಳಿದ ಹಾಗೇ ಹೇಳಿದೆ. "ಹ್ಞೂಂ," ಎಂದ ದಿಂಬಿನೊಳಗಿಂದ.

ಕಣ್ಣೊಳಗಿನ ಗಾಳಿ ಪೂರ್ತಿ ಕರಗಿದ ಮೇಲೆ ಮತ್ತೆ ಹೋದೆವು. ಅಲ್ಲಿನ ಡಾಕ್ಟರು ಅಪ್ಪನನ್ನು ಕುರ್ಚಿಯಲ್ಲಿ ನೇರ ಕೂರಿಸಿ, ಅವನ ಬಲಕ್ಕೆ ನಿಂತಿದ್ದ ನನ್ನ ಕಡೆ ಬೆರಳು ತೋರಿಸಿ, ಏನು ಕಾಣುತ್ತದೆ ಎಂದು ಕೇಳಿದರು. ಅಪ್ಪ ಕತ್ತನ್ನು ಮೆಲ್ಲಗೆ ತಿರುಗಿಸಿ, ತಿರುಗಿಸಿ, ಮೊದಲು ನನ್ನ ಮುಖ ಹುಡುಕಿದ. ಏನು ಹೇಳಬೇಕೆಂದು ನನ್ನ ಮುಖದಲ್ಲಿ ಓದಲು ಹೊರಟಿದ್ದ. ನಾನು ಸೆರಗನ್ನು ಬಿಗಿಯಾಗಿ ಹಿಡಿದುಕೊಂಡೆ.

"ನನ್ನ ಮಾರಿ ನೋಡಬ್ಯಾಡಪ್ಪ. ಇದ್ದದ್ದು ಇದ್ದಂಗ ಹೇಳು."

ಅವನು ಕತ್ತನ್ನು ಮತ್ತೆ ನೇರ ಮಾಡಿದ.

"ಬಲಗಡಿ ಏನೂ ಇಲ್ಲವ್ವ," ಎಂದ. "ಕತ್ತಲ ಐತಿ. ನೀ ಈಕಡಿ ಬಂದು ನಿಂದ್ರು."

ನಾನು ಕುರ್ಚಿ ಸುತ್ತಿ ಎಡಕ್ಕೆ ಬಂದು ನಿಂತೆ.